ಶೆಡ್ಡಿನ ಅಡ್ಡ ಪೈಪು, ಹೊಳೆ ಮೇಲಿನ ರೈಲ್ವೆ ಸೇತುವೆ

ಹೋದ ವರ್ಷ ಮಾಡಿದ ಒಂದು ತಪ್ಪು ಬರೀತಿದೀನಿ, ನಿಮಗಾದ್ರೂ ಉಪಯೋಗ ಆಗ್ಲಿ.

ಮೇವು ಹೇರಿದ ಟ್ರೇಲರ್ ಶೆಡ್ಡಿನೊಳಗೆ ಹೋಗ್ತಿರಲಿಲ್ಲ. ಚಾವಣಿ ಟ್ರಸ್ಸಿನ ಕೆಳಗಿನ ಅಡ್ಡ ಪೈಪು ತಾಗುತ್ತಿತ್ತು. ಶೀಟೆಲ್ಲಾ ಮೇಲಿನ ಇಳಿಜಾರು ಪೈಪಿನ ಮೇಲೆ ಕೂತಿದೆ, ಇದು ಸುಮ್ನೆ ಇದೆ ಅಂದ್ಕೊಂಡು ನಡುವಿನ ಎರಡು ಟ್ರಸ್ಸಿನ ಅಡ್ಡ ಪೈಪು ಕೊಯ್ಸಿದೆ. ವೆಲ್ಡರ್ ಬೇಡ ಅಂದಿದ್ದ. ನಾನು ಕೇಳಲಿಲ್ಲ.

ಹದಿನೈದು ದಿನಕ್ಕೆ ಗಾಳಿಮಳೆ ಬಂತು. ಬೆಳಿಗ್ಗೆ ನೋಡಿದ್ರೆ ಕಂಬಗಳ ತಲೆ ನಾಲ್ಕು ಬೆರಳು ಹೊರಕ್ಕೆ ವಾಲಿತ್ತು. ಕೆಳಗೆ ಮಗ ಎಮ್ಮೆ ಹಾಲು ಕರೀತಿದ್ದ. ಅವನನ್ನೂ ಎಮ್ಮೆಗಳನ್ನೂ ಹೊರಗೆ ಕಳಿಸೋವರೆಗೆ ಎದೆ ನಡುಗಿತು.

ಅದೇ ವೆಲ್ಡರ್ ಬಂದ. ಮೊದಲು ಎದುರುಬದುರು ಕಂಬಗಳಿಗೆ ಸರಪಳಿ ಹಾಕಿ ಚೈನ್ ಬ್ಲಾಕಿನಿಂದ ಒಳಕ್ಕೆ ಎಳೆದ. ಆಗ ತಲೆಗೆ ಹೋಯ್ತು ನೋಡಿ: ಸರಪಳಿಗೆ ಏನನ್ನೂ ಊರಿ ಹೊರೋಕೆ ಬರಲ್ಲ, ಎಳೆದು ಹಿಡಿಯೋಕೆ ಮಾತ್ರ ಬರುತ್ತೆ. ಅಂದ್ರೆ ಆ ಪೈಪು ಅಷ್ಟು ದಿನ ಕಂಬಗಳು ಬಿಚ್ಚಿಕೊಳ್ಳದ ಹಾಗೆ ಎಳೆದು ಹಿಡಿದಿತ್ತು.

ಆಮೇಲೆ ನಮ್ಮ ಹೊಳೆ ಮೇಲಿನ ರೈಲ್ವೆ ಸೇತುವೆ ಬೇರೆ ಥರ ಕಾಣ್ತಿದೆ. ರೈಲು ಬಂದಾಗ ಮೇಲಿನ ತೊಲೆ ಒತ್ತಡಕ್ಕೆ ಸಿಗುತ್ತೆ, ಕೆಳಗಿನದು ಎಳೆತಕ್ಕೆ. ಎರಡು ತುದಿಯ ಓರೆ ಕಂಬ ಬಿಟ್ಟರೆ, ನಡುಭಾಗದ ಕಡೆಗೆ ಇಳಿಯೋ ಓರೆ ಪಟ್ಟಿಗಳು ಸಪೂರ, ಅವು ಎಳೆಯುವವು. ನೆಟ್ಟಗಿನ ಕಂಬಗಳು ದಪ್ಪ, ಅವು ಹೊರುವವು. ಉದ್ದದ ಸಪೂರ ಕೋಲು ಒತ್ತಿದ್ರೆ ಬಾಗುತ್ತೆ, ಎಳೆದ್ರೆ ಬಾಗಲ್ಲ. ಅದಕ್ಕೇ ಉದ್ದದ್ದಕ್ಕೆ ಎಳೆಯೋ ಕೆಲಸ, ಗಿಡ್ಡದ್ದಕ್ಕೆ ಹೊರೋ ಕೆಲಸ. 1844ರಲ್ಲಿ ಅಮೆರಿಕದ ಪ್ರಾಟ್ ಅನ್ನೋ ಅಪ್ಪ-ಮಗ ಇದಕ್ಕೆ ಪೇಟೆಂಟ್ ಪಡೆದರು. ಅದಕ್ಕೆ ನಾಲ್ಕು ವರ್ಷ ಮುಂಚೆ ವಿಲಿಯಂ ಹೋವ್ ಪೇಟೆಂಟ್ ಪಡೆದದ್ದು ಇದರ ಉಲ್ಟಾ: ಓರೆ ಮರದ ತೊಲೆ ಹೊರಬೇಕು, ನೆಟ್ಟಗಿನ ಕಬ್ಬಿಣದ ಸರಳು ಎಳೆಯಬೇಕು. ಮರಕ್ಕೆ ಅದು ಸರಿಯಾಗೇ ಇತ್ತು.

ಹೋವ್‌ನ ಭಾವ-ಮೈದುನ ಸಂಬಂಧದ ಅಮಾಸಾ ಸ್ಟೋನ್ ಅನ್ನೋ ರೈಲ್ವೆ ಧಣಿ ಅದನ್ನೇ ಪೂರ್ತಿ ಕಬ್ಬಿಣದಲ್ಲಿ ಮಾಡಿಸಿದ, ಓಹಿಯೋ ರಾಜ್ಯದ ಆಷ್ಟಬ್ಯುಲಾದಲ್ಲಿ, 1865ರಲ್ಲಿ. 154 ಅಡಿ ಅಂಕಣ. ಹೊರೋ ತೊಲೆಗಳು ಸಾಲಲ್ಲ ಅಂದ ಎಂಜಿನಿಯರ್ ಜೋಸೆಫ್ ಟಾಮ್ಲಿನ್ಸನ್ ಕೆಲಸ ಕಳಕೊಂಡ. 1876ರ ಡಿಸೆಂಬರ್ 29ರ ರಾತ್ರಿ, ಹಿಮಗಾಳಿಯಲ್ಲಿ, ಮುಂದಿನ ಎಂಜಿನ್ ದಾಟಿತು, ಹಿಂದಿನ ಬೋಗಿಗಳು ಸೇತುವೆ ಸಮೇತ ಕಣಿವೆಗೆ ಬಿದ್ದವು. ಬೋಗಿಯೊಳಗಿನ ಒಲೆಗಳಿಂದ ಬೆಂಕಿ ಹತ್ತಿತು. ಸುಮಾರು 92 ಜನ ಸತ್ತರು.

ಬೇಡ ಅಂದವನ ಮಾತು ಕೇಳದ ಆ ಧಣಿಯ ಕಥೆ ಓದಿದಾಗ ನನಗೆ ನನ್ನ ವೆಲ್ಡರ್ ನೆನಪಾದ. ನಂದು ನಾಲ್ಕು ಬೆರಳಿಗೆ ಮುಗೀತು, ಅಷ್ಟೇ ವ್ಯತ್ಯಾಸ.

ಇನ್ನೊಂದು ವಿಷಯ. ಸೇತುವೆಯ ಒಂದು ತುದಿ ಗಟ್ಟಿಯಾಗಿ ಕೂತಿರುತ್ತೆ, ಇನ್ನೊಂದು ತುದಿ ರೋಲರ್ ಮೇಲೆ. 61 ಮೀಟರ್ ಉಕ್ಕು 30 ಡಿಗ್ರಿ ಬಿಸಿ ಏರಿದ್ರೆ ಸುಮಾರು 22 ಮಿಲಿಮೀಟರ್ ಉದ್ದ ಆಗುತ್ತೆ. ಅದಕ್ಕೆ ಜಾಗ ಬಿಟ್ಟಿರಬೇಕು. ರೋಲರ್ ಸುತ್ತ ಮಣ್ಣು, ತುಕ್ಕು ಕಟ್ಟದ ಹಾಗೆ ನೋಡ್ಕೊಳ್ಳೋದೂ ದೊಡ್ಡ ಕೆಲಸವೇ.

ಶೆಡ್ಡು ಕಟ್ಟಿಸಿರೋರು ಯಾವ ಪೈಪನ್ನೂ ಸುಮ್ನೆ ಇದೆ ಅಂತ ಕೊಯ್ಯಬೇಡಿ. ಎತ್ತರ ಬೇಕಂದ್ರೆ ಕಂಬವನ್ನೇ ಎತ್ತರಿಸಿ. ನಮ್ಮ ಪೈಪು ಮತ್ತೆ ಜಾಗಕ್ಕೆ ಬಂದಿದೆ. ಟ್ರೇಲರ್ ಈಗ ಹೊರಗೇ ನಿಲ್ಲುತ್ತೆ, ಮೇವು ಹೊತ್ತು ಹಾಕ್ತೀವಿ.