15 ವಾಟ್ ಸಾಕು, ಪುಟ್ಟಿ

ಜಾಲಹಳ್ಳಿ, ಬೆಂಗಳೂರು



ಕೊಳ್ಳಬೇಕೆಂದು ನೀನು ಕಳಿಸಿದ ಹಳೆಯ ಗಿಟಾರ್ ಆಂಪ್ಲಿಫೈಯರಿನ ಫೋಟೊ ನೋಡಿದೆ. ಅದು ಫೆಂಡರ್ ಬ್ಲೂಸ್ ಜೂನಿಯರ್. 1995ರಲ್ಲಿ ಮೊದಲು ಬಂದದ್ದು, ಇಂದಿಗೂ ತಯಾರಾಗುತ್ತಿದೆ. ನನ್ನ ಕೋಣೆಯಲ್ಲಿರುವುದೂ ಅದೇ ಆಂಪ್. ಆದ್ದರಿಂದ ನಾನು ಹೇಳುವುದೆಲ್ಲ ಅದರ ಜೊತೆ ದಿನಾ ಬದುಕುವವನ ಮಾತು ಅಂದುಕೋ.

ಇದರ 15 ವಾಟ್ ಯಾತಕ್ಕೂ ಸಾಲದು, 40ರದ್ದು ತಗೋ ಅಂತ ನಿನ್ನ ಗೆಳೆಯರು ಹೇಳುತ್ತಿದ್ದಾರಂತೆ. ವಾಟ್ ಎರಡು ಪಟ್ಟಾದರೆ ಸದ್ದೂ ಎರಡು ಪಟ್ಟಾಗುವುದಿಲ್ಲ ಕಣೇ. 15ರಿಂದ 30ಕ್ಕೆ ಹೋದರೆ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಈ ಪುಟ್ಟ ಪೆಟ್ಟಿಗೆ ಡ್ರಮ್ಸ್ ಜೊತೆಗೂ ನಿಲ್ಲುತ್ತದೆ. ನಿನ್ನ ಅಪಾರ್ಟ್‌ಮೆಂಟಿಗಂತೂ ಅದೇ ಹೆಚ್ಚಾಯಿತು. 40 ವಾಟಿನದನ್ನು ತಂದಿಟ್ಟರೆ ಪಕ್ಕದ ಮನೆಯವರಿಗೆ ಹೆದರಿ ನಾಬನ್ನು ಒಂದರ ಆಚೆ ತಿರುಗಿಸುವುದೇ ಇಲ್ಲ. ಆಗ ಸದ್ದನ್ನು ಹಿಗ್ಗಿಸುವ ಒಳಗಿನ ಗಾಜಿನ ವಾಲ್ವುಗಳಿಗೆ ಕೆಲಸವೇ ಬೀಳುವುದಿಲ್ಲ. ಇಷ್ಟೆಲ್ಲ ದುಡ್ಡು ಕೊಡುವುದು ಆ ಕೆಲಸಕ್ಕಾಗಿ.

ಏನು ಕೆಲಸ ಅಂದರೆ, ಮಿತಿ ಮುಟ್ಟಿದ ವಾಲ್ವ್ ಧ್ವನಿಯ ಅಲೆಯ ತುದಿಯನ್ನು ಥಟ್ಟನೆ ಕತ್ತರಿಸುವುದಿಲ್ಲ, ನಿಧಾನವಾಗಿ ದುಂಡಗೆ ಮಾಡುತ್ತದೆ. ಜೋರಾದ ಮೀಟು ತುಸು ತಗ್ಗುತ್ತದೆ, ಅದರ ಬೆನ್ನಿಗೆ ಇಳಿಯುವ ದನಿ ಹೆಚ್ಚು ಹೊತ್ತು ನಿಲ್ಲುತ್ತದೆ, ಮೂಲ ಸ್ವರದ ಮೇಲೆ ಮೇಲ್ಸ್ವರಗಳು (ಓವರ್‌ಟೋನ್) ಏಳುತ್ತವೆ. ನೀನು ಅಜ್ಜಿಯ ಹತ್ತಿರ ವೀಣೆ ಕಲಿತವಳು. ತಂತಿ ಎಳೆದು ಒಂದೇ ಮೀಟಿನಲ್ಲಿ ಮೂರು ಸ್ವರ ಮುಟ್ಟುವುದು ನಿನ್ನ ಬೆರಳಿಗೆ ಚೆನ್ನಾಗಿ ಗೊತ್ತು. ಗಿಟಾರಿನಲ್ಲಿ ಮೂರನೆಯ ಸ್ವರ ಬರುವಷ್ಟರಲ್ಲಿ ದನಿ ಸೋತಿರುತ್ತದೆ ಅಂತ ನೀನೇ ಬೇಸರಪಟ್ಟುಕೊಂಡಿದ್ದೆ. ಆಂಪಿನ ದನಿ ಒಡೆಯುವ ಅಂಚಿನಲ್ಲಿದ್ದರೆ ಆ ಮೂರನೆಯ ಸ್ವರ ತುಂಬಿಕೊಂಡು ಕೇಳುತ್ತದೆ. ನಿನ್ನಂಥವಳಿಗೆ ವಾಲ್ವ್ ಆಂಪೇ ಬೇಕು ಅಂತ ನಾನು ಹಟ ಹಿಡಿಯುವುದು ಇದೊಂದೇ ಕಾರಣಕ್ಕೆ.

ನೋಡಲು ಹೋಗುವಾಗ ನಿನ್ನದೇ ಗಿಟಾರ್, ನಿನ್ನದೇ ಕೇಬಲ್ ಒಯ್ಯಿ. ಪೆಡಲ್ ಬೇಡ. ರಿವರ್ಬ್ (ಅನುರಣನ) ಸೊನ್ನೆಗಿಡು. ಆಂಪಿನ ಮಾಸ್ಟರ್ ನಾಬ್ ಪೂರ್ತಿ ತೆರೆದು, ಗಿಟಾರಿನ ವಾಲ್ಯೂಮ್ ತುಂಬ ಇಟ್ಟು, ಆಂಪಿನ ವಾಲ್ಯೂಮನ್ನು ಮೆಲ್ಲಗೆ ಏರಿಸುತ್ತ ಹೋಗು. ಗಟ್ಟಿಯಾಗಿ ಮೀಟಿದಾಗ ಗುರುಗುಟ್ಟಿ, ಮೆಲ್ಲಗೆ ಮೀಟಿದಾಗ ತಿಳಿಯಾಗಿ ನುಡಿಯುವ ಒಂದು ಜಾಗ ಸಿಗುತ್ತದೆ. ಅಲ್ಲೇ ನಿಲ್ಲು. ಈಗ ಗಿಟಾರಿನ ನಾಬನ್ನು ಅರ್ಧಕ್ಕೆ ಇಳಿಸು. ದನಿ ಸ್ವಚ್ಛವಾಗಬೇಕು, ಮಂಕಾಗಬಾರದು. ಹತ್ತು ನಿಮಿಷವಾದರೂ ಹೀಗೆ ನುಡಿಸು. ಮಾರುವವರು ಅವಸರ ಮಾಡಿದರೆ ಮಾಡಲಿ.

ಇದಕ್ಕೆ ಎಲೆಕ್ಟ್ರಾನಿಕ್ಸ್ ಓದಿರಬೇಕಿಲ್ಲ, ಕಿವಿಗೊಟ್ಟು ಕೇಳಿದರೆ ಸಾಕು. ನೀನಿರುವ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದ ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನುಡಿಸುವವರನ್ನು ಕೇಳಿ ಕೇಳಿಯೇ ಅವರು ತಮ್ಮ ಆಂಪುಗಳನ್ನು ತಿದ್ದಿದರು.

ಹಳೆಯ ವಸ್ತುವಾದ್ದರಿಂದ ಇನ್ನಷ್ಟು ನೋಡಬೇಕು. ನಾಬ್ ತಿರುಗಿಸುವಾಗ ಕರಕರ ಅಂದರೆ ಚಿಂತೆಯಿಲ್ಲ, ಕ್ಲೀನರ್ ಹಾಕಿದರೆ ಸಾಮಾನ್ಯವಾಗಿ ಹೋಗುತ್ತದೆ. ಗಿಟಾರ್ ಕಿತ್ತ ಮೇಲೂ ಗುಂಯ್ ಸದ್ದು ಜೋರಾಗಿದ್ದರೆ ಕೆಪಾಸಿಟರ್ ಸೋತಿರಬಹುದು. ಅದು ಖರ್ಚಿನ ಬಾಬತ್ತು. ಪೆನ್ಸಿಲ್‌ನಿಂದ ಸಣ್ಣ ವಾಲ್ವುಗಳನ್ನು ಮೃದುವಾಗಿ ತಟ್ಟು. ಸ್ಪೀಕರಿನಲ್ಲಿ ಗಂಟೆಯಂತೆ ಮೊಳಗಿದ್ದನ್ನು ಬದಲಾಯಿಸಬೇಕಾಗುತ್ತದೆ. ಕೊನೆಗೆ ರಿವರ್ಬ್ ಏರಿಸಿ ಕೇಳು, ಒಳಗಿನ ಸ್ಪ್ರಿಂಗುಗಳು ನಿಜಕ್ಕೂ ಕೆಲಸ ಮಾಡುತ್ತಿವೆಯೇ ಅಂತ.

ಈ ಆಂಪಿಗೂ ಮಿತಿಗಳಿವೆ. 12 ಇಂಚಿನ ಸ್ಪೀಕರಿಗೆ ಪೆಟ್ಟಿಗೆ ಚಿಕ್ಕದು, ಮಂದ್ರದಲ್ಲಿ ಗಾಂಭೀರ್ಯ ಸಾಲದು. ನಾನು ಬಾಸ್ ಕಡಿಮೆ ಮಾಡಿ, ಆಂಪನ್ನು ನೆಲದಿಂದೆತ್ತಿ ಕುರ್ಚಿಯ ಮೇಲಿಟ್ಟು ನುಡಿಸುತ್ತೇನೆ. ಆಗ ದನಿ ಬಿಗಿಯಾಗುತ್ತದೆ. ಎರಡು ಇಎಲ್84 ಪವರ್ ವಾಲ್ವುಗಳು ಬಹಳ ಬಿಸಿಯಾಗಿ ಓಡುತ್ತವೆ, ಹಾಗಾಗಿ ಬೇಗ ಸವೆಯುತ್ತವೆ. ಬದಲಿಸುವಾಗ ಹೊಂದಿಸಿದ ಜೋಡಿಯನ್ನೇ ಕೊಳ್ಳಬೇಕು. ಮೂರು ಸಣ್ಣ 12ಎಎಕ್ಸ್7 ವಾಲ್ವುಗಳು ವರ್ಷಗಟ್ಟಲೆ ಬರುತ್ತವೆ. ನಮ್ಮ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕೂಡ ಒಂದು ಕಾಲಕ್ಕೆ ಈ ಎರಡೂ ಬಗೆಯ ವಾಲ್ವುಗಳನ್ನು ತಯಾರಿಸುತ್ತಿತ್ತು ಗೊತ್ತೇ? ದೇಶದ ರೇಡಿಯೊ ಪೆಟ್ಟಿಗೆಗಳಿಗೆ ಅಂತ ಮಾಡಿದ ಆ ವಾಲ್ವುಗಳನ್ನು ಈಗ ಹೊರದೇಶದ ಗಿಟಾರಿಗರು ಹುಡುಕಿ ಕೊಳ್ಳುತ್ತಾರೆ. ಅವು ಸಿಗುವುದು ಅಪರೂಪ. ಹೊಸವು ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ ಬರುತ್ತವೆ.

ಒಂದು ಮಾತು ಮಾತ್ರ ತಪ್ಪದೆ ಕೇಳಬೇಕು. ಒಳಗಿನ ಕವಚ ಬಿಚ್ಚಿ ಕೈ ಹಾಕಬೇಡ. ಅಲ್ಲಿ 300 ವೋಲ್ಟಿಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ, ಅದು ಪ್ರಾಣ ತೆಗೆಯಬಲ್ಲದು. ಸ್ಪೀಕರಿನ ವೈರ್ ಕಿತ್ತಿರುವಾಗ ಆನ್ ಮಾಡಬೇಡ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಊರಿಗೆ ಬರುವಾಗ ಹೊತ್ತು ತರುವ ಯೋಚನೆಯನ್ನೂ ಬಿಡು. ತೂಕ ಸುಮಾರು 14 ಕಿಲೊ ಅನ್ನುವುದು ಹಾಗಿರಲಿ, ಅಲ್ಲಿಯದು 120 ವೋಲ್ಟಿಗೆ ಮಾಡಿದ್ದು, ಇಲ್ಲಿ 230. ಭಾರದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಚ್ಚುವ ಹಾಗಿಲ್ಲ. ಇಲ್ಲಿಗೆ ಬಂದಾಗ ನುಡಿಸಲು ನನ್ನದಿದೆಯಲ್ಲ.

ಗುಂಯ್ ಸದ್ದಿಲ್ಲದೆ, ರಿವರ್ಬ್ ಸರಿಯಿದ್ದು, ಮೂರನೆಯ ಸ್ವರ ನಿನ್ನ ಕಿವಿಗೆ ತುಂಬಿ ಕೇಳಿದರೆ ತಗೋ. ಹೊಸ ಇಎಲ್84 ಜೋಡಿಯ ಬೆಲೆಯನ್ನು ಕಳೆದು ದುಡ್ಡು ಕೊಡು. ತಗೊಂಡ ದಿನವೇ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ ಪ್ರೀತಿಯ ಮಾಮ