ಪಿಎಚ್‌ಡಿ ಅಂದ್ರ ಎಷ್ಟನೇ ಕ್ಲಾಸ್?

ದೇಶದಲ್ಲಿ ಕೊರೊನಾಕ್ಕೆ ಮೊದಲು ಬಲಿಯಾದವರು ನಮ್ಮ ಕಲಬುರಗಿಯ ಹಿರಿಯರೊಬ್ಬರು, 2020ರ ಮಾರ್ಚ್ 10ರಂದು. ಕೆಲವೇ ದಿನಗಳಲ್ಲಿ ಹಾಸ್ಟೆಲ್ ಖಾಲಿ ಮಾಡಿ ಎಂದರು. ಪತ್ರಿಕೋದ್ಯಮ ಎಂಎ ಮುಗಿಸಿ ಸಂಶೋಧನೆಗೆ ಸೇರಿದ್ದ ನಾವು ಐವರು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಬಸ್ ಹಿಡಿದೆವು. ಹದಿನೈದು ದಿನದ ಮಾತು ಎಂದುಕೊಂಡು ಪುಸ್ತಕಗಳನ್ನು ಅಲ್ಲೇ ಬಿಟ್ಟಿದ್ದೆವು.

ನಮ್ಮ ಮನೆಗಳಲ್ಲಿ ಇಲ್ಲಿಯವರೆಗೆ ಓದಿದವರು ನಾವೇ ಮೊದಲು. ಒಬ್ಬಳ ಅಪ್ಪ ಫರ್ಸಿ ಗಣಿಯಲ್ಲಿ, ಇನ್ನೊಬ್ಬಳ ಅಪ್ಪ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೂಲಿ. ಉಳಿದವರದು ತೊಗರಿ ಹೊಲ. ಓದುವುದು ಎಂದರೆ ಬಸ್ ಹತ್ತಿ ಹೋಗುವುದು, ಇದು ಮನೆಯವರ ಲೆಕ್ಕ. ಬಸ್ಸೇ ಇಲ್ಲದ ಮೇಲೆ ಓದೂ ಇಲ್ಲ. ಲ್ಯಾಪ್‌ಟಾಪ್ ತೆಗೆದರೆ ಅವ್ವ, "ಸಾಲಿನೇ ಬಂದ್ ಅದ, ಏನ್ ಓದ್ತಿ ಯವ್ವಾ? ಹಿಟ್ಟು ನಾದು ಬಾ" ಎನ್ನುವಳು. ಪಕ್ಕದ ಮನೆ ಕಾಕು ಒಂದು ದಿನ ಕೇಳಿಯೇಬಿಟ್ಟಳು: "ಪಿಎಚ್‌ಡಿ ಅಂದ್ರ ಎಷ್ಟನೇ ಕ್ಲಾಸ್? ಅದು ಮುಗಿಯೋತನಕ ಹುಡುಗ ಕಾಯ್ತಾನೇನು?"

ಮನೆಗೆ ಒಂದೇ ದೊಡ್ಡ ಫೋನು. ತಮ್ಮನ ಆನ್‌ಲೈನ್ ಕ್ಲಾಸ್ ಮುಗಿದ ಮೇಲೆ ನಮ್ಮ ಸರದಿ. ಚಿಂಚೋಳಿಯವಳು ಸಿಗ್ನಲ್‌ಗಾಗಿ ಮೇ ತಿಂಗಳ ಬಿಸಿಲಲ್ಲಿ ಮಾಳಗಿ ಹತ್ತಿ, ತಲೆ ಮೇಲೆ ಟವೆಲ್ ಹಾಕಿಕೊಂಡು ಗೈಡ್ ಜೊತೆ ಮಾತಾಡುತ್ತಿದ್ದಳು. ಅವಳ ವಿಷಯ, ತಾಂಡಾಗಳಿಂದ ಮುಂಬೈ, ಪುಣೆಗೆ ದುಡಿಯಲು ಹೋಗುವ ಹೆಂಗಸರು. ಅವರನ್ನು ಹುಡುಕಿಕೊಂಡು ಹೋಗಬೇಕಾಗಿದ್ದವಳು ಇವಳು, ಆದರೆ ಅವರೇ ಊರಿಗೆ ಬಂದು ಸಾಲಿ ಕೋಣೆಗಳಲ್ಲಿ ಕ್ವಾರಂಟೈನ್ ಆದರು. ದಿನಕ್ಕೆ ಕೂಲಿ ಎಷ್ಟು ಎಂಬ ಪ್ರಶ್ನೆ ಅವಳ ಹಾಳೆಯಲ್ಲಿತ್ತು. ಕೂಲಿ ನಿಂತ ದಿನ ಊರಿಗೆ ಹೇಗೆ ಬಂದಿರಿ ಎಂಬುದು ಇರಲಿಲ್ಲ. ಇಡೀ ಪ್ರಶ್ನಾವಳಿಯನ್ನು ಮತ್ತೆ ಬರೆದಳು.

ಅಮೆರಿಕದಲ್ಲಿ ಮೆಕ್ಸಿಕೋ ಮೂಲದ ಮನೆಗಳಿಂದ ಡಾಕ್ಟರೇಟ್‌ಗೆ ಹೋದ ಹೆಣ್ಣುಮಕ್ಕಳೂ ಈ ದಿನಗಳ ಬಗ್ಗೆ ಬರೆದಿದ್ದಾರೆ. ಅಲ್ಲೂ ಮನೆಯಲ್ಲಿ ಮೊದಲು ಓದಿದವಳೇ ಎಲ್ಲರ ಆರೈಕೆಗೆ ನಿಲ್ಲಬೇಕು. ಅವರ ರೊಟ್ಟಿ ಮೆಕ್ಕೆಜೋಳದ್ದು, ನಮ್ಮದು ಬಿಳಿಜೋಳದ್ದು, ಅಷ್ಟೇ.

ಥೀಸಿಸ್ ಒಪ್ಪಿಸಲು ಯುಜಿಸಿ 2020ರಲ್ಲಿ ಆರು ತಿಂಗಳು ಹೆಚ್ಚಿಗೆ ಕೊಟ್ಟಿತು, ಆಮೇಲೆ ಮತ್ತೂ ಮುಂದೆ ಹಾಕಿತು. ಫೆಲೋಶಿಪ್ ಮಾತ್ರ ಐದೇ ವರ್ಷ ಎಂದಿತು. ದಿನ ಸಿಕ್ಕರೂ ದುಡ್ಡು ಸಿಗಲಿಲ್ಲ. ಸೇಡಂನವಳು ಆಗ ಬಸುರಿ. ರಜೆ ಕೇಳಿದ್ದಕ್ಕೆ ಕಚೇರಿಯೊಂದರಲ್ಲಿ, "ರಜೆ ತಗೊಂಡ್ರ ನೋಂದಣಿ ಹೋಗ್ತದ ನೋಡ್ರಿ" ಎಂದು ಹೆದರಿಸಿದರು. ಯುಜಿಸಿಯ 2016ರ ನಿಯಮ ಓದಿದ ಮೇಲೆಯೇ ತಿಳಿದದ್ದು: ಆರು ವರ್ಷದ ಗಡುವಿನ ಮೇಲೆ ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ಕೊಡಬಹುದು, ಹೆರಿಗೆ ಮತ್ತು ಮಗುವಿನ ಆರೈಕೆಗೆ ಒಂದು ಸಲ 240 ದಿನದವರೆಗೆ ರಜೆ ಇದೆ. 2022ರ ನಿಯಮದಲ್ಲೂ ಇದು ಉಳಿದಿದೆ. ನಿಮ್ಮ ಮನೆಯಲ್ಲಿ ಸಂಶೋಧನೆ ಮಾಡುವ ಮಗಳು, ಸೊಸೆ ಇದ್ದರೆ ಇದನ್ನು ತೋರಿಸಿ. ಅವಳು ಅದನ್ನು ಹಿಡಿದುಕೊಂಡು ಹೋಗಿ ಅರ್ಜಿ ಕೊಟ್ಟಳು, ರಜೆ ಸಿಕ್ಕಿತು.

ಐವರಲ್ಲಿ ಮೂವರು ಥೀಸಿಸ್ ಒಪ್ಪಿಸಿದ್ದೇವೆ. ಶಹಾಬಾದ್‌ನವಳ ವೈವಾ ಆನ್‌ಲೈನ್‌ನಲ್ಲೇ ಆಯಿತು. ಹಿಂದೆ ಗೋಡೆ ಕಾಣದಿರಲಿ ಎಂದು ಅವ್ವ ಹೊಸ ಸೀರೆ ಕಟ್ಟಿದ್ದಳು. ಸೇಡಂನವಳು ಇನ್ನೂ ಬರೆಯುತ್ತಿದ್ದಾಳೆ, ಮಗು ಮಲಗಿದ ಮೇಲೆ. ವಾಡಿಯವಳು ಬಿಟ್ಟಳು. ಅಪ್ಪನ ಕೆಲಸ ಹೋಗಿತ್ತು, ಫೀ ಕಟ್ಟಲು ಆಗಲಿಲ್ಲ, ಅದೇ ವರ್ಷ ಮದುವೆಯೂ ಆಯಿತು. ಅವಳು ಬರೆದಿದ್ದ ಎರಡು ಅಧ್ಯಾಯ ನಮ್ಮ ಹತ್ತಿರ ಇವೆ. ವಾಟ್ಸಾಪ್ ಗುಂಪಿನಿಂದ ಅವಳ ನಂಬರ್ ತೆಗೆದಿಲ್ಲ.