ಬಕೆಟ್ಟಿನ ಕಿವಿ

ಧಾರವಾಡದಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡು ಬಿ.ಎ. ಮುಗಿಸಿ, ಮದುವೆಯಾಗಿ ಮುಲುಂಡಿಗೆ ಬಂದು ಸಂಸಾರ ಹೂಡಿದವಳು ನಾನು. ಇಂಥವಳು ಕಂಬ, ತೊಲೆಗಳ ವಿಷಯ ಏನು ಬರೆದಾಳು ಎಂದು ನಗಬೇಡಿ, ಮಕ್ಕಳೇ. ಪಾಠ ಹೇಳಿದವಳು ನನ್ನ ಮಗಳು. ಆ ಪಾಠ ಚುಚ್ಚಿದ್ದು ಮಾತ್ರ ನನ್ನದೇ ತಪ್ಪಿನಿಂದ.

ಮಗಳು ಸಿವಿಲ್ ಇಂಜಿನಿಯರ್. ಭೂಕಂಪವಾದಾಗ ಕಟ್ಟಡ ಹೇಗೆ ನಿಲ್ಲುತ್ತದೆ ಎಂಬುದೇ ಅವಳ ಅಭ್ಯಾಸ. ಒಂದು ರವಿವಾರ ಊಟವಾದ ಮೇಲೆ, "ಕಾಂಕ್ರೀಟ್ ತುಂಬಿದ ಉಕ್ಕಿನ ಕಂಬ ಅಂತೀಯಲ್ಲ, ಹಂಗಂದ್ರೇನ?" ಎಂದು ಕೇಳಿದೆ. ಅವಳು ಒಂದು ಖಾಲಿ ತಗಡಿನ ಡಬ್ಬಿ ತಂದು, "ಒತ್ತಿ ನೋಡಮ್ಮಾ" ಅಂದಳು. ಒತ್ತಿದೆ, ನೆಗ್ಗಿತು. ಇನ್ನೊಂದು ಡಬ್ಬಿಗೆ ರವೆ ಗಿಡಿದು ತುಂಬಿ ಕೊಟ್ಟಳು. ಎಷ್ಟು ಒತ್ತಿದರೂ ನೆಗ್ಗಲಿಲ್ಲ. ಉಕ್ಕಿನ ಕೊಳವೆ ಒಳಗಿನ ಕಾಂಕ್ರೀಟನ್ನು ಸಿಡಿಯಗೊಡುವುದಿಲ್ಲ. ಕಾಂಕ್ರೀಟು ಕೊಳವೆಯನ್ನು ಒಳಕ್ಕೆ ನೆಗ್ಗಗೊಡುವುದಿಲ್ಲ. ಒಂದಕ್ಕೊಂದು ಆಸರೆ.

"ಹಂಗಾದ್ರ ಭೂಕಂಪಕ್ಕ ಹೆದರೂದು ಬ್ಯಾಡ ಅನ್ನು."

"ಕಂಬದ ಚಿಂತಿ ಕಡಿಮಿ ಅಮ್ಮಾ. ಚಿಂತಿ ಇರೂದು ಜೋಡಣಿದು. ನಮ್ಮ ಹಳೇ ಬಕೆಟ್ಟು ನೆನಪದ ಏನು?"

ನೆನಪಿತ್ತು. ನೀರು ತುಂಬಿ ಎತ್ತುವಾಗ ಅದರ ಕಿವಿಯೇ ಕಿತ್ತುಬಂದಿತ್ತು. ಬಕೆಟ್ಟೂ ಗಟ್ಟಿ, ಹಿಡಿಕೆಯೂ ಗಟ್ಟಿ. ಹರಿದದ್ದು ಅವೆರಡೂ ಕೂಡುವಲ್ಲಿಯ ತಗಡು. ಕೊಳವೆಯ ಮೈಗೆ ತೊಲೆಯನ್ನು ಬರೇ ವೆಲ್ಡಿಂಗ್ ಮಾಡಿ ಅಂಟಿಸಿದರೂ ಅದೇ ಗತಿ. ಕಟ್ಟಡ ಅತ್ತಿತ್ತ ತೂಗಿದಾಗ ತೊಲೆಯ ತುದಿ ಆ ತೆಳು ಗೋಡೆಯನ್ನು ಒಮ್ಮೆ ಜಗ್ಗುತ್ತದೆ, ಒಮ್ಮೆ ನೂಕುತ್ತದೆ. ಗೋಡೆ ಉಬ್ಬಿ ಹರಿಯುತ್ತದೆ, ಇಲ್ಲವೇ ವೆಲ್ಡಿಂಗ್ ಬಿರಿಯುತ್ತದೆ. ಅದಕ್ಕೆ ಕಂಬದ ಸುತ್ತ ನಡುಪಟ್ಟಿಯಂತೆ ದಪ್ಪ ಫಲಕ ಕೂಡಿಸುತ್ತಾರೆ, ಅಥವಾ ಫಲಕವನ್ನು ಕೊಳವೆಯ ಒಳಗೇ ಅಡ್ಡ ಇಡುತ್ತಾರೆ, ಅಥವಾ ತೊಲೆಯನ್ನೇ ಕಂಬದೊಳಗಿಂದ ಆಚೆಗೆ ಹಾಯಿಸುತ್ತಾರೆ.

೧೯೯೪ರ ಜನವರಿ ೧೭ರಂದು ಅಮೆರಿಕದ ಲಾಸ್ ಏಂಜಲೀಸ್ ಬಳಿಯ ನಾರ್ತ್‌ರಿಜ್‌ನಲ್ಲಿ ಭೂಕಂಪವಾಯಿತು. ಉಕ್ಕಿನ ಕಟ್ಟಡಗಳು ನಿಂತೇ ಇದ್ದವು. ಆದರೆ ಮೇಲಿನ ಹೊದಿಕೆ ಬಿಚ್ಚಿ ನೋಡಿದಾಗ ಎಷ್ಟೋ ಕಡೆ ತೊಲೆ–ಕಂಬ ಕೂಡುವಲ್ಲೇ ಬಿರುಕು! ಸರಿಯಾಗಿ ಒಂದು ವರ್ಷಕ್ಕೆ ಜಪಾನಿನ ಕೋಬೆಯಲ್ಲೂ ಅಂಥದೇ ಅನುಭವ. ಅಲ್ಲಿಂದೀಚೆಗೆ ಜೋಡಣೆಯಿಂದ ತುಸು ದೂರದಲ್ಲಿ ತೊಲೆಯ ಅಂಚನ್ನು ಬೇಕೆಂದೇ ಕೆತ್ತಿ ಸಣ್ಣ ಮಾಡುವುದೂ ಉಂಟಂತೆ. ಬಾಗುವುದಾದರೆ ತೊಲೆ ಅಲ್ಲಿ ಬಾಗಲಿ, ಜೋಡಣೆ ಬಿಡದಿರಲಿ, ಕಂಬ ನಿಲ್ಲಲಿ ಎಂದು.

ನಮ್ಮಜ್ಜನ ಮನೆಯಲ್ಲಿ ಕಂಬಕ್ಕೂ ತೊಲೆಗೂ ನಡುವೆ ಬೋದಿಗೆ ಇತ್ತು ಎಂದೆ. ಅವಳಿಗೆ ಆ ಶಬ್ದ ಗೊತ್ತಿರಲಿಲ್ಲ. ತೊಲೆಯ ತುದಿಗೆ ಅಗಲವಾದ ಆಸನ ಕೊಡುವ ಕೆತ್ತನೆಯ ಕಟ್ಟಿಗೆ ಎಂದು ವಿವರಿಸಿದೆ. ಖುಷಿಯಿಂದ ಬರೆದುಕೊಂಡಳು.

ಆಗಲೇ ನನ್ನ ಎದೆ ಧಸಕ್ಕೆಂದಿತು. ೨೦೦೧ರ ಜನವರಿ ೨೬ರ ಬೆಳಿಗ್ಗೆ ಭುಜ್ ಭೂಕಂಪಕ್ಕೆ ನಮ್ಮ ದೇವರ ಮನೆಯ ತೂಗುದೀಪ ಅಲುಗಾಡಿ, ನಾವೆಲ್ಲ ಕೆಳಗೆ ಓಡಿದ್ದೆವು. ಅದಾಗಿ ನಾಲ್ಕೈದು ವರ್ಷಕ್ಕೆ ಅಡುಗೆಮನೆ ಹೊಸದು ಮಾಡಿಸುವಾಗ, "ಪೈಪು ಕಾಣಬಾರದು" ಎಂದು ನಾನೇ ಹಟ ಹಿಡಿದೆ. ಮಿಸ್ತ್ರಿ ಕಂಬ–ತೊಲೆ ಕೂಡುವ ಮೂಲೆಯನ್ನು ಒಡೆದು ಪೈಪು ಕೂಡಿಸಿದ. ಮೇಲೆ ಟೈಲ್ಸ್ ಬಂತು. ಎಲ್ಲರೂ ಚೆಂದ ಅಂದರು.

ಮಗಳು ಟೈಲ್ಸ್ ತೆಗೆಸಿದಳು. ಕಂಬದ ಸರಳುಗಳನ್ನು ಸುತ್ತಿದ ಎರಡು ರಿಂಗು ತುಂಡಾಗಿದ್ದವು. ನಮ್ಮದು ಉಕ್ಕಿನ ಕೊಳವೆಯ ಕಟ್ಟಡವಲ್ಲ, ಸರಳು ಹಾಕಿದ ಕಾಂಕ್ರೀಟು. ಆದರೆ ಕೊಳವೆ ಮಾಡುವ ಕೆಲಸವನ್ನೇ ಇಲ್ಲಿ ರಿಂಗು ಮಾಡುತ್ತದೆ: ಕಾಂಕ್ರೀಟು ಸಿಡಿಯದಂತೆ ಬಿಗಿಹಿಡಿಯುವುದು. ಮಗಳು ಬೈಯಲಿಲ್ಲ. "ಮ್ಯಾಲ ಮೂರು ಮಜಲಿ ಅವ ಅಮ್ಮಾ" ಎಂದಷ್ಟೇ ಅಂದಳು.

ಮೇಲಿನ ಮನೆಯ ಬೆನ್ ಕಚ್ಛದವರು. ಅವರ ತವರು ಮನೆ ಭುಜ್ ಭೂಕಂಪದಲ್ಲಿ ಬಿದ್ದಿತ್ತು. ಅವರಿಗೆ ಯಾವ ಮುಖದಿಂದ ಹೇಳಲಿ? ಎರಡು ದಿನ ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದೆ. ಮೂರನೆಯ ದಿನ ಹೇಳಿಬಿಟ್ಟೆ. ಅವರು ಸುಮ್ಮನೆ ನನ್ನನ್ನು ತಮ್ಮ ಅಡುಗೆಮನೆಗೆ ಕರೆದೊಯ್ದು ಮೂಲೆ ತೋರಿಸಿದರು. ಅಲ್ಲಿಯೂ ಪೈಪು ಕಾಣುತ್ತಿರಲಿಲ್ಲ. ಆ ಮಿಸ್ತ್ರಿಯನ್ನು ಅವರಿಗೆ ಕಳಿಸಿಕೊಟ್ಟವಳೂ ನಾನೇ!

ಸೊಸೈಟಿಯವರು ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿದರು. ಜ್ಯಾಕು ಕೊಟ್ಟು, ಹೊಸ ರಿಂಗು ಹಾಕಿ, ಎರಡೂ ಮೂಲೆ ತುಂಬಿಸಿದರು. ಖರ್ಚು ನಾವು ಕೊಟ್ಟೆವು. ಉಳಿದ ಮನೆಗಳನ್ನೂ ನೋಡಿದರು.

ನಾಳೆ ನೀವೂ ಠಾಣೆಯಲ್ಲೋ ಪುಣೆಯಲ್ಲೋ ಮನೆ ಕೊಳ್ಳುವಿರಿ, ಅಡುಗೆಮನೆ ಚೆಂದ ಮಾಡಿಸುವಿರಿ. ಮಾಡಿಸಿ. ಆದರೆ ಕಂಬ–ತೊಲೆ ಕೂಡುವ ಮೂಲೆಗೆ ಯಾರಾದರೂ ಛಿನ್ನಿ ಹಚ್ಚಿದರೆ, ಅವರ ಕೈ ಹಿಡಿಯಿರಿ. ನಮ್ಮ ಮನೆಯಲ್ಲಿ ಈಗ ಪೈಪು ಗೋಡೆಯ ಹೊರಗೇ ಇದೆ. ಬಂದವರು "ಇದೇನ್ರೀ, ಪೈಪು ಕಾಣತದ" ಅನ್ನುತ್ತಾರೆ. "ಕಾಣಲಿ ಬಿಡ್ರಿ" ಅನ್ನುತ್ತೇನೆ.